ಬಾಲ್ಟಿಮೋರ್ ಮಹಾಗ್ನಿ (1904): ಗಾಳಿ, ಗೋದಾಮು ಮತ್ತು ಕಪ್ಲಿಂಗ್‌ನ ಅಳತೆ

ಪೀಠಿಕೆ

ಆಧುನಿಕ ನಗರಗಳ ಚರಿತ್ರೆಯನ್ನು ಅವುಗಳ ನಿರ್ಮಾಣದ ಮೂಲಕ ಅರಿಯುವಂತೆ ಅವುಗಳ ದುರಂತಗಳ ಮೂಲಕವೂ ಅರಿಯಬಹುದು. ಸಾಮಾನ್ಯ ದಿನಗಳಲ್ಲಿ ಕಣ್ಣಿಗೆ ಬೀಳದ ಆಡಳಿತದ ಒಳರಚನೆ, ನಗರ ನಗರಗಳ ನಡುವಣ ಸಂಬಂಧ, ನೆಲದಡಿಯ ನೀರಿನ ಕೊಳವೆಗಳ ಸ್ಥಿತಿಗತಿ ಇವೆಲ್ಲ ವಿಪತ್ತಿನ ಕೆಲವೇ ಗಂಟೆಗಳಲ್ಲಿ ಬಯಲಿಗೆ ಬರುತ್ತವೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಂದರು ನಗರ ಬಾಲ್ಟಿಮೋರ್‌ನಲ್ಲಿ 1904ರ ಫೆಬ್ರವರಿ 7 ಮತ್ತು 8ರಂದು ಸಂಭವಿಸಿದ ಅಗ್ನಿ ದುರಂತ ಇದಕ್ಕೆ ಉತ್ತಮ ನಿದರ್ಶನವಾಗಿದೆ. ಸಗಟು ಜವಳಿಯ ಗೋದಾಮೊಂದರ ನೆಲಮಾಳಿಗೆಯಲ್ಲಿ ಹುಟ್ಟಿದ ಬೆಂಕಿ ಬಲವಾದ ಗಾಳಿಗೆ ಸಿಲುಕಿ ಸುಮಾರು 140 ಎಕರೆ ವಿಸ್ತಾರದ ವಾಣಿಜ್ಯ ಪ್ರದೇಶವನ್ನು ಸುಟ್ಟುಹಾಕಿತು. ನೆರೆಯ ನಗರಗಳ ಅಗ್ನಿಶಾಮಕ ದಳಗಳು ತ್ವರಿತವಾಗಿ ಧಾವಿಸಿ ಬಂದವು. ಆದರೆ ಅವುಗಳಲ್ಲಿ ಅನೇಕ ದಳಗಳು ತಂದ ಕೊಳವೆಗಳು ಬಾಲ್ಟಿಮೋರ್‌ನ ಹೈಡ್ರೆಂಟುಗಳಿಗೆ ಹೊಂದಲಿಲ್ಲ. ಈ ಹೊಂದಾಣಿಕೆಯ ಅಭಾವವು ಆಕಸ್ಮಿಕವಾಗಿರಲಿಲ್ಲ, ಅದಕ್ಕೆ ಅದರದೇ ಆದ ಚರಿತ್ರೆಯಿತ್ತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಗೋದಾಮು ಬೆಂಕಿಯ ಪೂರ್ವ ಚರಿತ್ರೆ

ಹತ್ತೊಂಬತ್ತನೆಯ ಶತಮಾನದ ಬಂದರು ನಗರಗಳಲ್ಲಿ ಗೋದಾಮು ಒಂದು ಹೊಸ ಬಗೆಯ ಅಪಾಯವಾಗಿ ರೂಪುಗೊಂಡಿತು. ಖಂಡಾಂತರ ವ್ಯಾಪಾರದ ಸರಕುಗಳು ಎತ್ತರದ ಕಟ್ಟಡಗಳಲ್ಲಿ ಅಂತಸ್ತು ಅಂತಸ್ತಾಗಿ ಸಂಗ್ರಹಗೊಂಡವು. ಸರಕನ್ನು ಮೇಲೆ ಕೆಳಗೆ ಸಾಗಿಸಲು ನಿರ್ಮಿಸಿದ ಲಿಫ್ಟ್ ಬಾವಿಗಳು ಹೊಗೆ ಕೊಳವೆಗಳಂತೆ ವರ್ತಿಸಿ ಕೆಳಗಿನ ಜ್ವಾಲೆಯನ್ನು ಕ್ಷಣಾರ್ಧದಲ್ಲಿ ಛಾವಣಿಗೆ ಮುಟ್ಟಿಸುತ್ತಿದ್ದವು. 1861ರ ಜೂನ್ 22ರಂದು ಲಂಡನ್ನಿನ ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ಟೂಲಿ ಬೀದಿಯ ಬಳಿಯ ಗೋದಾಮುಗಳಿಗೆ ಹತ್ತಿದ ಬೆಂಕಿ ಪೂರ್ಣವಾಗಿ ಆರಲು ಎರಡು ವಾರಗಳು ಬೇಕಾದವು. ಅಲ್ಲಿ ಉರಿದ ಸರಕುಗಳಲ್ಲಿ ಸೆಣಬೂ ಇತ್ತು. ಲಂಡನ್ ಅಗ್ನಿಶಾಮಕ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜೇಮ್ಸ್ ಬ್ರೈಡ್‌ವುಡ್ ಅಂದು ಕುಸಿದ ಗೋಡೆಯಡಿ ಸಿಲುಕಿ ಮರಣ ಹೊಂದಿದರು. ವಿಮಾ ಕಂಪನಿಗಳು ನಡೆಸುತ್ತಿದ್ದ ಆ ಸಂಸ್ಥೆಯ ಬದಲಿಗೆ ಸಾರ್ವಜನಿಕ ಅಗ್ನಿಶಾಮಕ ದಳವೊಂದು ಅಗತ್ಯವೆಂಬುದು ಆ ದುರಂತದಿಂದ ಸ್ಪಷ್ಟವಾಗಿ, 1865ರಲ್ಲಿ ಅದಕ್ಕಾಗಿ ಶಾಸನವೇ ರಚಿತವಾಯಿತು.

1872ರ ನವೆಂಬರ್ 9ರಂದು ಅಮೆರಿಕದ ಬಾಸ್ಟನ್ ನಗರದಲ್ಲಿಯೂ ಗೋದಾಮಿನ ನೆಲಮಾಳಿಗೆಯಿಂದಲೇ ಬೆಂಕಿ ಹಬ್ಬಿ 776 ಕಟ್ಟಡಗಳು ನಾಶವಾದವು. ನೆರವಿಗೆ ಬಂದ ಹೊರ ಊರಿನ ದಳಗಳಿಗೆ ಅಲ್ಲಿಯೂ ಕೊಳವೆಗಳ ಜೋಡಣೆ ತೊಡಕಾಯಿತು. ಮರುವರ್ಷ, ಅಂದರೆ 1873ರಲ್ಲಿ, ಅಮೆರಿಕದ ವಿವಿಧ ನಗರಗಳ ಅಗ್ನಿಶಾಮಕ ಮುಖ್ಯಸ್ಥರು ಸಭೆ ಸೇರಿ ರಾಷ್ಟ್ರೀಯ ಸಂಘವೊಂದನ್ನು ಸ್ಥಾಪಿಸಿದರು. ಎಲ್ಲ ನಗರಗಳ ಕೊಳವೆಗಳಿಗೂ ಒಂದೇ ಅಳತೆಯ ಕಪ್ಲಿಂಗ್ ಇರಬೇಕೆಂಬ ವಿಷಯ ಆ ಸಂಘದ ಆರಂಭದ ಚರ್ಚೆಗಳಲ್ಲಿಯೇ ಬಂದಿತ್ತು. ಆ ಮೊದಲ ಸಮಾವೇಶ ನಡೆದದ್ದು ಬಾಲ್ಟಿಮೋರ್ ನಗರದಲ್ಲಿ ಎಂಬುದು ಇಲ್ಲಿ ವಿಶೇಷವಾಗಿ ಗಮನಾರ್ಹ. ಮೂವತ್ತೊಂದು ವರ್ಷಗಳ ತರುವಾಯ ಅದೇ ನಗರ ಆ ಅಳತೆಯ ಅಭಾವಕ್ಕೆ ಬೆಲೆ ತೆರಬೇಕಾಯಿತು.

ಬೆಂಕಿಯ ಉಗಮ

1900ರ ಜನಗಣತಿಯಂತೆ ಬಾಲ್ಟಿಮೋರ್ 5,08,957 ಜನಸಂಖ್ಯೆಯಿದ್ದ, ಅಮೆರಿಕದ ಆರನೆಯ ದೊಡ್ಡ ನಗರವಾಗಿತ್ತು. ಬಂದರಿಗೆ ಹೊಂದಿಕೊಂಡ ಅದರ ವಾಣಿಜ್ಯ ಪ್ರದೇಶದಲ್ಲಿ ಸಗಟು ಮಳಿಗೆಗಳು, ಬ್ಯಾಂಕುಗಳು, ಪತ್ರಿಕಾ ಕಚೇರಿಗಳು ಇಕ್ಕಟ್ಟಾದ ಬೀದಿಗಳಲ್ಲಿ ಒತ್ತೊತ್ತಾಗಿ ನಿಂತಿದ್ದವು. ಹಾಪ್ಕಿನ್ಸ್ ಪ್ಲೇಸ್ ಮತ್ತು ಅಂದಿನ ಜರ್ಮನ್ ಬೀದಿ ಕೂಡುವ ಮೂಲೆಯಲ್ಲಿದ್ದ ಜಾನ್ ಇ. ಹರ್ಸ್ಟ್ ಕಂಪನಿಯ ಆರು ಅಂತಸ್ತಿನ ಕಟ್ಟಡ ಇಂತಹ ಮಳಿಗೆಗಳಲ್ಲೊಂದು. ಅದರಲ್ಲಿ ಸಗಟು ವ್ಯಾಪಾರದ ಜವಳಿ ಸರಕು ದಾಸ್ತಾನಾಗಿತ್ತು.

1904ರ ಫೆಬ್ರವರಿ 7 ಭಾನುವಾರ. ಬೆಳಿಗ್ಗೆ 10.48ರ ಸುಮಾರಿಗೆ ಹರ್ಸ್ಟ್ ಕಟ್ಟಡದ ಸ್ವಯಂಚಾಲಿತ ಎಚ್ಚರಿಕೆ ಗಂಟೆಯ ಸೂಚನೆ ಅಗ್ನಿಶಾಮಕ ದಳಕ್ಕೆ ತಲುಪಿತು. ಕಾಲುದಾರಿಯಲ್ಲಿ ನೆಲಮಾಳಿಗೆಗೆ ಬೆಳಕು ಬೀಳಲೆಂದು ಕೂರಿಸಿದ್ದ ಗಾಜು ಒಡೆದು ಉಂಟಾದ ರಂಧ್ರದ ಮೂಲಕ ಯಾರೋ ಎಸೆದ ಉರಿಯುವ ಸಿಗಾರು ಅಥವಾ ಸಿಗರೇಟು ಒಳಗೆ ಬಿದ್ದಿರಬೇಕೆಂದು ಊಹಿಸಲಾಗಿದೆ. ಇದು ಊಹೆಯೇ ಹೊರತು ಸಿದ್ಧಪಟ್ಟ ಸಂಗತಿಯಲ್ಲ. ಸಿಬ್ಬಂದಿ ಬಂದು ಬಾಗಿಲು ಮುರಿದು ಒಳಹೊಕ್ಕ ಸ್ವಲ್ಪ ಹೊತ್ತಿನಲ್ಲಿಯೇ ಕಟ್ಟಡದಲ್ಲಿ ತುಂಬಿಕೊಂಡಿದ್ದ ಬಿಸಿ ಹೊಗೆ ಮತ್ತು ಅನಿಲ ಸ್ಫೋಟಿಸಿತು. ಕಿಟಕಿಗಳು ಸಿಡಿದು, ಉರಿಯುವ ಚೂರುಗಳು ಅಕ್ಕಪಕ್ಕದ ಮಳಿಗೆಗಳ ಮೇಲೆ ಎರಚಿದವು. ಒಂದು ಕಟ್ಟಡದ ಬೆಂಕಿಯಾಗಿದ್ದುದು ಕೆಲವೇ ನಿಮಿಷಗಳಲ್ಲಿ ಬೀದಿಯ ಬೆಂಕಿಯಾಯಿತು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಎಚ್ಚರಿಕೆಯ ವ್ಯವಸ್ಥೆ ವಿಫಲವಾಗಿರಲಿಲ್ಲ. ಆ ಕಾಲದ ಅತ್ಯಾಧುನಿಕ ಸಾಧನವೇ ದಳವನ್ನು ಕರೆಸಿತ್ತು. ಎರಡನೆಯದಾಗಿ, ಬಾಲ್ಟಿಮೋರ್‌ನ ದಳ ಅನನುಭವಿಯಾಗಿರಲಿಲ್ಲ. ವೇತನ ಪಡೆಯುವ ಪೂರ್ಣಾವಧಿ ದಳವಾಗಿ ಅದು 1859ರಿಂದಲೂ ಕೆಲಸ ಮಾಡುತ್ತಿತ್ತು. ಆದುದರಿಂದ ಮುಂದಿನ ವೈಫಲ್ಯಕ್ಕೆ ಕಾರಣವನ್ನು ಸಿಬ್ಬಂದಿಯ ಕೌಶಲದ ಕೊರತೆಯಲ್ಲಿ ಹುಡುಕುವುದು ಸರಿಯಾಗಲಾರದು.

ಗಾಳಿಯ ಪಾತ್ರ

ಆ ದಿನ ಬೀಸುತ್ತಿದ್ದ ಗಾಳಿಯ ವೇಗ ಗಂಟೆಗೆ 30 ಮೈಲಿಯಷ್ಟಿತ್ತೆಂದು ಹೇಳಲಾಗಿದೆ. ಆರಂಭದಲ್ಲಿ ಅದು ನೈಋತ್ಯದಿಂದ ಬೀಸುತ್ತಿದ್ದುದರಿಂದ ಬೆಂಕಿ ಈಶಾನ್ಯಕ್ಕೆ, ಅಂದರೆ ನ್ಯಾಯಾಲಯ, ಅಂಚೆ ಕಚೇರಿ ಮತ್ತು ಪುರಭವನಗಳಿದ್ದ ಕಡೆಗೆ ಸರಿಯತೊಡಗಿತು. ಗಾಳಿಯ ಬೆನ್ನೇರಿದ ಬೆಂಕಿ ಮೂರು ಬಗೆಯಲ್ಲಿ ಮುನ್ನಡೆಯುತ್ತದೆ: ಜ್ವಾಲೆ ಬಾಗಿ ಎದುರು ಕಟ್ಟಡವನ್ನು ನೇರವಾಗಿ ನೆಕ್ಕುತ್ತದೆ, ಅದರ ವಿಕಿರಣ ಶಾಖ ರಕ್ಷಣೆಯಿಲ್ಲದ ಕಿಟಕಿಗಳ ಮೂಲಕ ಒಳಗಿನ ಸರಕನ್ನು ಹೊತ್ತಿಸುತ್ತದೆ, ಹಾರುವ ಕೊಳ್ಳಿಗಳು ದೂರದ ಛಾವಣಿಗಳ ಮೇಲೆ ಬಿದ್ದು, ದಳ ನಿಂತ ಸಾಲಿನ ಹಿಂದೆಯೇ ಹೊಸ ಬೆಂಕಿಯನ್ನು ಹುಟ್ಟಿಸುತ್ತವೆ. ಈ ಮೂರೂ ಬಾಲ್ಟಿಮೋರ್‌ನಲ್ಲಿ ಏಕಕಾಲಕ್ಕೆ ಕೆಲಸ ಮಾಡಿದವು. ಅದುವರೆಗೆ ಅಗ್ನಿನಿರೋಧಕವೆಂದು ಹೆಸರಾಗಿದ್ದ ಉಕ್ಕಿನ ಚೌಕಟ್ಟಿನ ಬಹುಮಹಡಿ ಕಟ್ಟಡಗಳೂ ಇದಕ್ಕೆ ಹೊರತಾಗಲಿಲ್ಲ. ಹದಿನಾರು ಅಂತಸ್ತಿನ ಕಾಂಟಿನೆಂಟಲ್ ಟ್ರಸ್ಟ್ ಕಟ್ಟಡದ ಚೌಕಟ್ಟು ಉಳಿಯಿತು, ಒಳಗಿನದೆಲ್ಲ ಸುಟ್ಟುಹೋಯಿತು.

ದಳದ ಮುಖ್ಯಸ್ಥ ಜಾರ್ಜ್ ಹಾರ್ಟನ್ ತುಂಡಾಗಿ ಬಿದ್ದ ವಿದ್ಯುತ್ ತಂತಿ ತಗುಲಿ ಗಾಯಗೊಂಡು ಕಾರ್ಯಾಚರಣೆಯಿಂದ ಹಿಂದೆ ಸರಿಯಬೇಕಾಯಿತು. ಆಗಸ್ಟ್ ಎಮ್ರಿಚ್ ಆ ಹೊಣೆಯನ್ನು ವಹಿಸಿಕೊಂಡರು. ಸಂಜೆಯ ವೇಳೆಗೆ, ಬೆಂಕಿಯ ದಾರಿಯಲ್ಲಿರುವ ಕಟ್ಟಡಗಳನ್ನು ಡೈನಮೈಟ್ ಇಟ್ಟು ಉರುಳಿಸಿ ತೆರಪು ನಿರ್ಮಿಸುವ ಪ್ರಯತ್ನ ನಡೆಯಿತು. ಆದರೆ ಭದ್ರವಾದ ಕಟ್ಟಡಗಳು ನಿರೀಕ್ಷಿಸಿದಂತೆ ಉರುಳಲಿಲ್ಲ. ಬದಲಿಗೆ ಸುತ್ತಲ ಕಿಟಕಿಗಳ ಗಾಜು ಸಿಡಿದು ಬೆಂಕಿಗೆ ಹೊಸ ಬಾಗಿಲುಗಳೇ ತೆರೆದಂತಾಯಿತು.

ರಾತ್ರಿಯ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ವಾಯವ್ಯದಿಂದ ಬೀಸತೊಡಗಿತು. ಇದರಿಂದ ಪುರಭವನ, ನ್ಯಾಯಾಲಯ ಮತ್ತು ಅಂಚೆ ಕಚೇರಿಗಳು ಉಳಿದುಕೊಂಡವು. ಆದರೆ ಬೆಂಕಿ ಈಗ ಆಗ್ನೇಯಕ್ಕೆ ತಿರುಗಿ ಬಂದರಿನ ಕಟ್ಟೆಗಳತ್ತ ಮತ್ತು ಜೋನ್ಸ್ ಫಾಲ್ಸ್ ಎಂಬ ಹೊಳೆಯತ್ತ ಸಾಗಿತು. ಹೊಳೆಯ ಆಚೆ ದಂಡೆಯಲ್ಲಿ ಮರದ ಅಡ್ಡೆಗಳೂ ದುಡಿಯುವ ಜನರ ವಸತಿಗಳೂ ಇದ್ದವು. ಅದುವರೆಗೆ ಬೆಂಕಿ ಹಬ್ಬಿದ್ದು ಭಾನುವಾರದಂದು ಜನವಿಲ್ಲದ ವ್ಯಾಪಾರ ಬೀದಿಗಳಲ್ಲಿ. ಹೊಳೆ ದಾಟಿದ್ದರೆ ಅದು ಜನವಸತಿಯನ್ನು ಹೊಗುತ್ತಿತ್ತು. ಹೀಗಾಗಿ ಜೋನ್ಸ್ ಫಾಲ್ಸ್ ದಂಡೆಯೇ ಕೊನೆಯ ರಕ್ಷಣಾ ಸಾಲಾಯಿತು.

ನೆರವು ಮತ್ತು ಅದರ ಮಿತಿ

ಪರಿಸ್ಥಿತಿ ಕೈಮೀರಿದುದನ್ನು ಅರಿತ ಬಾಲ್ಟಿಮೋರ್‌ನ ಅಧಿಕಾರಿಗಳು ಮಧ್ಯಾಹ್ನಕ್ಕೆ ಮುನ್ನವೇ ತಂತಿಯ ಮೂಲಕ ನೆರವು ಬೇಡಿದರು. ಸುಮಾರು 40 ಮೈಲಿ ದೂರದ ವಾಷಿಂಗ್ಟನ್‌ನಿಂದ ಎರಡು ದಳಗಳು ತಮ್ಮ ಉಗಿ ಪಂಪುಗಳನ್ನು ವಿಶೇಷ ರೈಲಿನ ತೆರೆದ ವ್ಯಾಗನ್ನುಗಳಿಗೆ ಏರಿಸಿಕೊಂಡು ಅಂದೇ ಮಧ್ಯಾಹ್ನ ತಲುಪಿದವು. ಅನಂತರ ಫಿಲಡೆಲ್ಫಿಯಾ, ವಿಲ್ಮಿಂಗ್ಟನ್, ಯಾರ್ಕ್, ಹ್ಯಾರಿಸ್‌ಬರ್ಗ್, ಅನ್ನಾಪೊಲಿಸ್ ಮೊದಲಾದ ಊರುಗಳಿಂದ, ಸೋಮವಾರ ನ್ಯೂಯಾರ್ಕ್‌ನಿಂದ ದಳಗಳು ಬಂದವು. ಒಟ್ಟು 1,231 ಮಂದಿ ಅಗ್ನಿಶಾಮಕ ಸಿಬ್ಬಂದಿ ಈ ಕಾರ್ಯದಲ್ಲಿ ತೊಡಗಿದರು. ತಂತಿ ಮತ್ತು ರೈಲುಮಾರ್ಗಗಳು ಸಾಧ್ಯವಾಗಿಸಿದ ಈ ನೆರವು ಆ ಕಾಲದ ಮಟ್ಟಿಗೆ ಅಪೂರ್ವವಾದುದು.

ಆದರೆ ವಾಷಿಂಗ್ಟನ್‌ನ ಸಿಬ್ಬಂದಿ ತಮ್ಮ ಕೊಳವೆಯನ್ನು ಬಾಲ್ಟಿಮೋರ್‌ನ ಹೈಡ್ರೆಂಟಿಗೆ ಜೋಡಿಸಲು ಹೋದಾಗ ಅದು ಕೂರಲಿಲ್ಲ. ಅಗ್ನಿಶಾಮಕ ಕೊಳವೆಯ ತುದಿಯ ಕಪ್ಲಿಂಗ್ ತಿರುಪಿನಂತೆ ಹೈಡ್ರೆಂಟಿನ ಬಾಯಿಗೆ ಬಿಗಿಯಾಗಬೇಕು. ಅದಕ್ಕಾಗಿ ಎರಡರ ವ್ಯಾಸ ಒಂದೇ ಆಗಿರಬೇಕು. ಒಂದು ಇಂಚಿನಲ್ಲಿ ಬರುವ ಥ್ರೆಡ್‌ಗಳ ಸಂಖ್ಯೆಯೂ ಒಂದೇ ಆಗಿರಬೇಕು. ಇಂಚಿನ ಅಲ್ಪ ಭಾಗದಷ್ಟು ವ್ಯತ್ಯಾಸವಿದ್ದರೂ ತಿರುಪು ಹಿಡಿಯದು, ಹಿಡಿದರೂ ನೀರಿನ ಒತ್ತಡಕ್ಕೆ ಕಳಚಿಕೊಳ್ಳುತ್ತದೆ. ಸಿಬ್ಬಂದಿ ಜೋಡಣೆಯ ಸುತ್ತ ಕ್ಯಾನ್ವಾಸ್ ಬಟ್ಟೆ ಸುತ್ತಿ ಕೆಲಸ ನಡೆಸಲು ಯತ್ನಿಸಿದರು. ಕೊಳವೆಗೆ ಹೋಗಬೇಕಾದ ನೀರಿನ ಬಹುಪಾಲು ಬೀದಿಗೆ ಹರಿಯಿತು. ಬಳಿಕ ಬಂದ ಇತರ ದಳಗಳಿಗೂ ಇದೇ ತೊಡಕು ಎದುರಾಯಿತು. ಪಂಪು, ಕುದುರೆ, ನುರಿತ ಸಿಬ್ಬಂದಿ, ನೆಲದಡಿಯಲ್ಲಿ ನೀರು ಎಲ್ಲವೂ ಇದ್ದವು. ಅವನ್ನು ಒಂದುಗೂಡಿಸುವ ಹಿತ್ತಾಳೆಯ ಬಳೆಯೊಂದು ಮಾತ್ರ ಹೊಂದಿಕೆಯಾಗಲಿಲ್ಲ.

ಇದಕ್ಕೆ ಯಾವೊಂದು ನಗರದ ಅಸಡ್ಡೆಯನ್ನು ಕಾರಣವೆನ್ನಲಾಗದು. ಪ್ರತಿ ನಗರದ ನೀರು ಸರಬರಾಜು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ತಯಾರಕರ ಸಾಮಗ್ರಿಯಿಂದ ಬೆಳೆದು ಬಂದಿತ್ತು. ಒಮ್ಮೆ ಒಂದು ಅಳತೆಗೆ ಒಗ್ಗಿದ ನಗರ ಮುಂದೆಯೂ ಅದೇ ಅಳತೆಯ ಸಾಮಗ್ರಿಯನ್ನು ಕೊಳ್ಳಬೇಕಾಗಿದ್ದುದು ತಯಾರಕರಿಗೆ ಲಾಭಕರವೇ ಆಗಿತ್ತು. ಎಲ್ಲ ಹೈಡ್ರೆಂಟುಗಳನ್ನೂ ಕೊಳವೆಗಳನ್ನೂ ಬದಲಿಸುವ ವೆಚ್ಚ ಕಣ್ಣೆದುರಿಗಿತ್ತು. ನೆರೆಯೂರಿನ ದಳ ಎಂದೋ ಬರಬೇಕಾದೀತೆಂಬ ಸಂದರ್ಭ ದೂರದಲ್ಲಿತ್ತು. ಹೀಗಾಗಿ 1873ರಲ್ಲಿ ಮುಖ್ಯಸ್ಥರು ಒಪ್ಪಿದ ತತ್ತ್ವ ನಗರಸಭೆಗಳ ಆಯವ್ಯಯ ಪತ್ರಗಳಲ್ಲಿ ಸ್ಥಾನ ಪಡೆಯಲಿಲ್ಲ.

ಹಾಗೆಂದು ಹೊರಗಿನ ನೆರವು ವ್ಯರ್ಥವಾಯಿತೆನ್ನುವುದೂ ಸರಿಯಲ್ಲ. ಹೈಡ್ರೆಂಟಿನ ಹಂಗಿಲ್ಲದೆ, ತೆರೆದ ನೀರಿಗೆ ಹೀರುಕೊಳವೆ ಇಳಿಬಿಟ್ಟು ಕೆಲಸ ಮಾಡಬಹುದಾದ ಕಡೆ ಈ ದಳಗಳು ಪೂರ್ಣ ಸಾಮರ್ಥ್ಯ ತೋರಿದವು. ಜೋನ್ಸ್ ಫಾಲ್ಸ್‌ನ ಪೂರ್ವ ದಂಡೆಯಲ್ಲಿ ಉಗಿ ಪಂಪುಗಳು ಸಾಲಾಗಿ ನಿಂತು ಹೊಳೆಯ ನೀರನ್ನೇ ಎತ್ತಿ ಗೋಡೆಯಂತೆ ಚಿಮ್ಮಿಸಿದವು. ಅಲ್ಲಿಯೇ ಬೆಂಕಿಯ ಮುನ್ನಡೆ ನಿಂತಿತು. ಫೆಬ್ರವರಿ 8ರ ಸಂಜೆ 5 ಗಂಟೆಯ ವೇಳೆಗೆ, ಮೂವತ್ತು ಗಂಟೆಗಳ ಹೋರಾಟದ ನಂತರ, ಬೆಂಕಿ ಹತೋಟಿಗೆ ಬಂದಿತು.

ನಷ್ಟದ ಲೆಕ್ಕ ಮತ್ತು ಲೆಕ್ಕಕ್ಕೆ ಬಾರದುದು

1,500ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಸುಮಾರು 2,500 ವ್ಯಾಪಾರ ಸಂಸ್ಥೆಗಳು ನೆಲೆ ಕಳೆದುಕೊಂಡವು; ಸುಮಾರು 35,000 ಮಂದಿ ಕೆಲಸವಿಲ್ಲದವರಾದರು. ಆಸ್ತಿ ನಷ್ಟವನ್ನು 10ರಿಂದ 15 ಕೋಟಿ ಡಾಲರ್ ಎಂದು ಅಂದಾಜಿಸಲಾಯಿತು. ನಗರದ ಮುಖ್ಯ ಪತ್ರಿಕೆಗಳ ಕಟ್ಟಡಗಳೂ ಸುಟ್ಟುಹೋದವು. ಮುಂದೆ ಪ್ರಸಿದ್ಧ ಲೇಖಕರಾದ ಎಚ್. ಎಲ್. ಮೆಂಕೆನ್ ಆಗ ‘ಹೆರಾಲ್ಡ್’ ಪತ್ರಿಕೆಯ 23 ವರ್ಷದ ತರುಣ ಸಂಪಾದಕ. ಆ ಪತ್ರಿಕೆಯನ್ನು ಕೆಲವು ವಾರಗಳ ಕಾಲ ಫಿಲಡೆಲ್ಫಿಯಾದಲ್ಲಿ ಮುದ್ರಿಸಿ ತರಲಾಯಿತು. ಈ ಅನುಭವವನ್ನು ಮೆಂಕೆನ್ 1941ರ ತಮ್ಮ ಸ್ಮೃತಿಗ್ರಂಥದಲ್ಲಿ ದಾಖಲಿಸಿದ್ದಾರೆ.

ಬೆಂಕಿಯಲ್ಲಿ ಒಂದು ಜೀವವೂ ಹೋಗಲಿಲ್ಲವೆಂಬ ಮಾತು ಬಹುಕಾಲ ನಗರದ ಹೆಮ್ಮೆಯ ಭಾಗವಾಗಿತ್ತು. ಆದರೆ 1904ರ ಫೆಬ್ರವರಿಯಲ್ಲಿಯೇ, ಬಂದರಿನ ನೀರಿನಲ್ಲಿ ಕಪ್ಪು ಜನಾಂಗದ ವ್ಯಕ್ತಿಯೊಬ್ಬನ ಸುಟ್ಟ ದೇಹ ದೊರೆತುದನ್ನು ಸ್ಥಳೀಯ ಪತ್ರಿಕೆ ವರದಿ ಮಾಡಿತ್ತು. ಹೆಸರಿಲ್ಲದ ಆ ವರದಿ ಸುಮಾರು ನೂರು ವರ್ಷ ಯಾರ ಗಮನಕ್ಕೂ ಬರದೆ, 2003ರ ಸುಮಾರಿಗೆ ಹಳೆಯ ಸಂಚಿಕೆಗಳ ಶೋಧದಲ್ಲಿ ಮತ್ತೆ ಬೆಳಕಿಗೆ ಬಂದಿತು. ಆಸ್ತಿಯ ನಷ್ಟವನ್ನು ಕಟ್ಟಡ ಕಟ್ಟಡವಾಗಿ ಲೆಕ್ಕ ಹಾಕಿದ ದಾಖಲೆಗಳು ಒಬ್ಬ ಮನುಷ್ಯನನ್ನು ಲೆಕ್ಕಕ್ಕೆ ತಾರದೆ ಹೋದುದು ಆ ಕಾಲದ ಸಮಾಜವನ್ನು ಕುರಿತು ಬಹಳಷ್ಟನ್ನು ಹೇಳುತ್ತದೆ. ದುರಂತಗಳ ಚರಿತ್ರೆಯನ್ನು ಅಧಿಕೃತ ವರದಿಗಳಿಂದ ಮಾತ್ರ ಕಟ್ಟಲು ಹೊರಟವರಿಗೆ ಇದು ಎಚ್ಚರಿಕೆಯೂ ಹೌದು.

ಪುನರ್ನಿರ್ಮಾಣದ ವಿಷಯದಲ್ಲಿ ಮೇಯರ್ ರಾಬರ್ಟ್ ಮೆಕ್‌ಲೇನ್ ಹೊರಗಿನ ಧನಸಹಾಯವನ್ನು ಕೃತಜ್ಞತೆಯೊಡನೆ ನಿರಾಕರಿಸಿ, ನಗರ ತನ್ನ ಶಕ್ತಿಯಿಂದಲೇ ಎದ್ದು ನಿಲ್ಲಬೇಕೆಂದು ಬಯಸಿದರು. ದಗ್ಧ ಪ್ರದೇಶಕ್ಕಾಗಿಯೇ ಪ್ರತ್ಯೇಕ ಆಯೋಗವೊಂದು ರಚಿತವಾಯಿತು. ಪ್ರ್ಯಾಟ್ ಬೀದಿಯೂ ಸೇರಿದಂತೆ ಹಲವು ಬೀದಿಗಳು ಅಗಲವಾದವು, ಕಟ್ಟಡ ನಿಯಮಗಳು ಬಿಗಿಯಾದವು. ಅಧಿಕ ಒತ್ತಡದ ಪ್ರತ್ಯೇಕ ನೀರಿನ ಜಾಲ, ಅದುವರೆಗೆ ನಗರಕ್ಕಿರದ ಒಳಚರಂಡಿ ವ್ಯವಸ್ಥೆ ಮುಂದಿನ ವರ್ಷಗಳಲ್ಲಿ ರೂಪುಗೊಂಡವು.

ಏಕರೂಪ ಅಳತೆಯತ್ತ

ಬಾಲ್ಟಿಮೋರ್‌ನ ಗಡಿಯನ್ನು ದಾಟಿ ನಿಂತ ಪರಿಣಾಮವೆಂದರೆ ಕಪ್ಲಿಂಗ್‌ಗಳ ಪ್ರಶ್ನೆ. 1901ರಲ್ಲಷ್ಟೇ ಸ್ಥಾಪನೆಯಾಗಿದ್ದ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಈ ಕುರಿತು ಪರಿಶೀಲನೆ ಕೈಗೊಂಡಾಗ, ದೇಶದಾದ್ಯಂತ 600ಕ್ಕೂ ಹೆಚ್ಚು ಅಳತೆ ಮತ್ತು ಮಾದರಿಯ ಕಪ್ಲಿಂಗ್‌ಗಳು ಬಳಕೆಯಲ್ಲಿರುವುದು ಕಂಡುಬಂದಿತು. 1896ರಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘವು 1905ರಲ್ಲಿ 2½ ಇಂಚು ವ್ಯಾಸದ ಕೊಳವೆಗೆ ಇಂಚಿಗೆ 7½ ಥ್ರೆಡ್ ಇರುವ ಅಳತೆಯನ್ನು ರಾಷ್ಟ್ರೀಯ ಮಾನಕವಾಗಿ ಅಂಗೀಕರಿಸಿತು.

7½ ಎಂಬ ಸಂಖ್ಯೆ ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ಅದರ ಹಿಂದೆ ಪ್ರಾಯೋಗಿಕ ವಿವೇಕವಿತ್ತು. ಇಂಚಿಗೆ 7 ಅಥವಾ 8 ಥ್ರೆಡ್ ಇದ್ದ ನಗರಗಳು ತಮ್ಮಲ್ಲಿದ್ದ ಸಾಮಗ್ರಿಯನ್ನು ಬಿಸಾಡದೆ, ಅದನ್ನೇ ಸ್ವಲ್ಪ ತಿದ್ದಿ ಮಾನಕಕ್ಕೆ ಹೊಂದಿಸಿಕೊಳ್ಳಲು ಅವೆರಡರ ನಡುವಣ ಅಳತೆ ಅನುಕೂಲವಾಗಿತ್ತು. ಯಾವುದೇ ನಗರದ ಅಳತೆಯನ್ನು ಇತರರ ಮೇಲೆ ಹೇರದೆ ಎಲ್ಲರಿಗೂ ಸಮೀಪವಾದುದನ್ನು ಆರಿಸಿದ ಈ ಕ್ರಮವನ್ನು ತಾಂತ್ರಿಕ ರಾಜಿ ಎಂದು ಕರೆಯಬಹುದಾಗಿದೆ.

ಮಾನಕದ ಅಂಗೀಕಾರವೇ ಬೇರೆ, ಆಚರಣೆಯೇ ಬೇರೆ. ಅದನ್ನು ಪಾಲಿಸುವುದು ನಗರಗಳ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಬಾಲ್ಟಿಮೋರ್ ದುರಂತದ ಶತಮಾನದ ಸಂದರ್ಭದಲ್ಲಿ, 2004ರಲ್ಲಿ, ಅದೇ ಮಾನಕ ಸಂಸ್ಥೆಯ ಉತ್ತರಾಧಿಕಾರಿ ಸಂಸ್ಥೆ ನಡೆಸಿದ ಅಧ್ಯಯನದಂತೆ ಅಮೆರಿಕದ 48 ದೊಡ್ಡ ನಗರಗಳ ಪೈಕಿ 18 ಮಾತ್ರ ರಾಷ್ಟ್ರೀಯ ಮಾನಕದ ಹೈಡ್ರೆಂಟುಗಳನ್ನು ಹೊಂದಿದ್ದವು. ಇದು ಕೇವಲ ಅಂಕಿ ಅಂಶದ ಮಾತಲ್ಲ. 1991ರ ಅಕ್ಟೋಬರ್ 20ರಂದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡಗಳಲ್ಲಿ ಒಣ ಗಾಳಿಗೆ ಹಬ್ಬಿದ ಬೆಂಕಿಯಲ್ಲಿ 25 ಮಂದಿ ಸತ್ತರು. ಅಂದು ಓಕ್‌ಲ್ಯಾಂಡ್‌ನ ಹೈಡ್ರೆಂಟುಗಳ ಬಾಯಿ 3 ಇಂಚಿನದಾಗಿತ್ತು. ನೆರವಿಗೆ ಬಂದ ನೆರೆಯ ದಳಗಳ ಕೊಳವೆಗಳು 2½ ಇಂಚಿನವು. ನಡುವೆ ಜೋಡಿಸುವ ಅಡಾಪ್ಟರ್ ಇಲ್ಲದ ದಳಗಳು ಬಾಲ್ಟಿಮೋರ್‌ನ ಅತಿಥಿಗಳ ಸ್ಥಿತಿಯನ್ನೇ ಎದುರಿಸಬೇಕಾಯಿತು.

ಉಪಸಂಹಾರ

ಕಪ್ಲಿಂಗ್‌ಗಳು ಹೊಂದಿದ್ದರೆ ಬಾಲ್ಟಿಮೋರ್ ಉಳಿಯುತ್ತಿತ್ತೇ? ಹಾಗೆ ಖಚಿತವಾಗಿ ಹೇಳುವುದು ಸಾಧ್ಯವಿಲ್ಲ. ಇಕ್ಕಟ್ಟಾದ ಬೀದಿ, ರಕ್ಷಣೆಯಿಲ್ಲದ ಕಿಟಕಿ, ಸರಕು ತುಂಬಿದ ಕಟ್ಟಡ ಮತ್ತು 30 ಮೈಲಿ ವೇಗದ ಗಾಳಿ ಇವು ಸೇರಿದಾಗ ಅಂದಿನ ಯಾವ ದಳಕ್ಕೂ ಬೆಂಕಿಯನ್ನು ತಡೆಯುವುದು ದುಸ್ಸಾಧ್ಯವೇ ಆಗಿತ್ತು. ಆದುದರಿಂದ ಇಡೀ ದುರಂತವನ್ನು ಒಂದು ತಿರುಪಿನ ತಲೆಗೆ ಕಟ್ಟುವ ಜನಪ್ರಿಯ ನಿರೂಪಣೆಯನ್ನು ಎಚ್ಚರಿಕೆಯಿಂದ ಸ್ವೀಕರಿಸಬೇಕಾಗುತ್ತದೆ. ಆದರೆ ಗಾಳಿ ಮನುಷ್ಯನ ಅಧೀನದಲ್ಲಿಲ್ಲ, ಕಪ್ಲಿಂಗ್ ಇದೆ. ಮೊದಲ ಗಂಟೆಗಳಲ್ಲಿ ಬಂದ ನೆರವು ಪೂರ್ಣವಾಗಿ ಬಳಕೆಯಾಗಿದ್ದರೆ ಬೆಂಕಿಯ ಎಲ್ಲೆ ಬೇರೆಯಾಗುತ್ತಿದ್ದ ಸಾಧ್ಯತೆಯನ್ನು ಅಲ್ಲಗಳೆಯಲಾಗದು.

ಲಂಡನ್ನಿನ ಬೆಂಕಿಯಿಂದ ಸಾರ್ವಜನಿಕ ದಳ, ಬಾಸ್ಟನ್ನಿನ ಬೆಂಕಿಯಿಂದ ಮುಖ್ಯಸ್ಥರ ಸಂಘ, ಬಾಲ್ಟಿಮೋರ್‌ನ ಬೆಂಕಿಯಿಂದ ರಾಷ್ಟ್ರೀಯ ಅಳತೆ. ಹೀಗೆ ಒಂದೊಂದು ಗೋದಾಮು ಬೆಂಕಿಯೂ ಒಂದೊಂದು ಸಂಸ್ಥೆಗೋ ನಿಯಮಕ್ಕೋ ಜನ್ಮ ನೀಡಿದುದು ಈ ಚರಿತ್ರೆಯಲ್ಲಿ ಕಂಡುಬರುತ್ತದೆ. ಆದರೆ 1873, 1904, 1991 ಮತ್ತು 2004ರ ಸಂಗತಿಗಳನ್ನು ಒಟ್ಟಿಗೆ ಇರಿಸಿ ನೋಡಿದಾಗ ತೋರುವುದು ಬೇರೊಂದು ಸತ್ಯ. ಪರಿಹಾರವನ್ನು ಕಂಡುಕೊಳ್ಳುವುದಕ್ಕಿಂತ, ಅದನ್ನು ವಿಪತ್ತಿಲ್ಲದ ದಿನಗಳಲ್ಲಿ ಆಚರಣೆಗೆ ತರುವುದು ಕಠಿಣ. ನೆರೆಯವನು ಬಂದಾನೆಂಬ ಭರವಸೆಯಷ್ಟೇ ಸಾಲದು. ಬಂದವನ ಕೊಳವೆ ತನ್ನ ಮನೆಯ ನೀರಿಗೆ ಹೊಂದುವಂತೆ ಮೊದಲೇ ಸಿದ್ಧವಾಗಿರಬೇಕು. ಬಾಲ್ಟಿಮೋರ್ ಮಹಾಗ್ನಿಯ ಚಾರಿತ್ರಿಕ ಮಹತ್ವ ಇರುವುದು ಸುಟ್ಟುಹೋದ 140 ಎಕರೆಗಳಿಗಿಂತ ಹೆಚ್ಚಾಗಿ ಈ ಪಾಠದಲ್ಲಿ.